ಯಾವೂರಾತು, ಯಾರ ಮನೆಯಾತು?

ನಮ್ಮ ಮನೆಯಲ್ಲಿ ಅಣಬೆಗೆ ಜಗುಲಿಯವರೆಗೆ ಮಾತ್ರ ಪ್ರವೇಶವಿತ್ತು. ಅಲ್ಲಿಂದಾಚೆ ಅಮ್ಮಮ್ಮನ ಸರಹದ್ದು. ಆರಿದ್ರಾ ಮಳೆ ಹಿಡಿದು ನಾಲ್ಕೈದು ದಿನವಾಗಿ, ಮೇಲಿನ ಬೆಟ್ಟದಿಂದ ಕಂಬಳಿಕೊಪ್ಪೆ ಹಾಕಿಕೊಂಡು ಇಳಿದು ಬರುವವರ ಕೈಯಲ್ಲಿ ಎಲೆಯ ಕಟ್ಟೇನಾದರೂ ಕಂಡರೆ ಒಳಗಿನ ಕತ್ತಲೆಯಿಂದಲೇ ಕೂಗು ಬರುತ್ತಿತ್ತು: “ತಮಾ, ಅದ್ನ ಒಳಗೆ ತರಡ!” ಆ ವಯಸ್ಸಿನಲ್ಲಿ ಅವಳಿಗೆ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ, ಎದುರು ನಿಂತ ಮೊಮ್ಮಕ್ಕಳಲ್ಲಿ ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ಅಣಬೆ ಮಾತ್ರ ಅಂಗಳದ ಆಚೆ ತುದಿಯಲ್ಲಿದ್ದರೂ ಕಾಣುತ್ತಿತ್ತು.

ಅಪ್ಪಯ್ಯ ತಾಯಿಯ ಮಾತು ಮೀರಿದವನಲ್ಲ. ಒಳಗೆ ತರಬೇಡ ಎಂದರೆ ಒಳಗೆ ತರುತ್ತಿರಲಿಲ್ಲ, ಅಷ್ಟೆ. ಬಚ್ಚಲುಮನೆ ‘ಒಳಗೆ’ ಎಂಬ ಲೆಕ್ಕಕ್ಕೆ ಬರುವುದಿಲ್ಲವಲ್ಲ! ಉಪ್ಪು, ಸೂಜಿಮೆಣಸು ಸವರಿದ ಅಣಬೆಯನ್ನು ಬಾಳೆಲೆಯಲ್ಲಿ ಸುತ್ತಿ ಬಚ್ಚಲ ಒಲೆಯ ಕೆಂಡದಲ್ಲಿ ಹುಗಿದಿಟ್ಟು, ನೀರು ಕಾಯಿತೋ ನೋಡಿ ಬರುತ್ತೇನೆಂದು ನಾಲ್ಕು ಸಲ ಹೋಗಿ ಬರುವುದು. ಆ ಒಂದು ತಿಂಗಳು ನಮ್ಮ ಮನೆಯ ಗಂಡಸರು ಮಾಡುತ್ತಿದ್ದಷ್ಟು ಸ್ನಾನವನ್ನು ಉಳಿದ ಹನ್ನೊಂದು ತಿಂಗಳು ಸೇರಿಸಿದರೂ ಮಾಡುತ್ತಿರಲಿಲ್ಲ. ಅಮ್ಮಮ್ಮನಿಗೆ ಗೊತ್ತಿರಲಿಲ್ಲವೇ? ತನಗೆ ಮೂಗು ಕಟ್ಟಿದೆ ಎಂದು ಅವಳು ಹೇಳಿಕೊಳ್ಳುತ್ತಿದ್ದುದೂ ಅದೇ ತಿಂಗಳಲ್ಲಿ.

ಅವಳ ಆಕ್ಷೇಪಕ್ಕೆ ಎರಡು ಆಧಾರಗಳಿದ್ದವು. ಒಂದು, ಅದಕ್ಕೆ ಮಾಂಸದ ವಾಸನೆ. ವಾಸನೆ ಹೇಗಿರುತ್ತದೆಂದು ಅವಳಿಗೆ ಹೇಗೆ ಗೊತ್ತು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಇನ್ನೊಂದು ಶಾಸ್ತ್ರ. ಮನುಸ್ಮೃತಿಯ ಐದನೆಯ ಅಧ್ಯಾಯ ಬೆಳ್ಳುಳ್ಳಿ, ಈರುಳ್ಳಿಗಳ ಪಂಕ್ತಿಯಲ್ಲೇ ಅಣಬೆಯನ್ನೂ ಕೂರಿಸಿ ದ್ವಿಜರಿಗೆ ಬೇಡವೆಂದಿದೆ. ಛತ್ರಾಕ ಎಂದು ಅದರ ಹೆಸರು, ಕೊಡೆಯಂಥದ್ದು. ಶಾಸ್ತ್ರದ ಪಂಕ್ತಿ ನಮ್ಮ ಮನೆಯಲ್ಲಿ ಒಂದೊಂದೇ ಎಲೆ ಖಾಲಿಯಾಯಿತು ಎನ್ನಿ. ಈರುಳ್ಳಿ ನನ್ನ ಮದುವೆಯ ಹೊತ್ತಿಗೆ ಒಳಗೆ ಬಂತು, ಬೆಳ್ಳುಳ್ಳಿ ಮಗ ಹುಟ್ಟುವ ಹೊತ್ತಿಗೆ. ಅಣಬೆ ಬಂದದ್ದು ಮಗ ಬೆಂಗಳೂರಿಗೆ ಹೋದ ಮೇಲೆ, ಅದೂ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂತು, ಬಟನ್ ಎಂಬ ಹೆಸರು ಇಟ್ಟುಕೊಂಡು.

ಹೆಸರಿನ ಮಾತು ಬಂತು. ಕನ್ನಡದಲ್ಲಿ ಅದಕ್ಕೆ ನಾಯಿಕೊಡೆ ಎಂದೂ ಹೇಳುತ್ತಾರೆ. ಪತ್ರಿಕೆಯವರಿಗಂತೂ ಈ ಪದದ ಮೇಲೆ ಅಪಾರ ಪ್ರೀತಿ. ಕೋಚಿಂಗ್ ಸೆಂಟರುಗಳು ನಾಯಿಕೊಡೆಗಳಂತೆ ತಲೆಯೆತ್ತಿವೆ, ರೆಸಾರ್ಟುಗಳು ನಾಯಿಕೊಡೆಗಳಂತೆ ತಲೆಯೆತ್ತಿವೆ. ಹೀಗೆ ಬರೆದವರು ಒಮ್ಮೆಯಾದರೂ ಜಿಗಣೆ ಕಚ್ಚಿಸಿಕೊಂಡು ಬೆಟ್ಟ ಸುತ್ತಿ ಅಣಬೆ ಹುಡುಕಿದ್ದಾರೆಯೇ ಎಂದು ನನಗೆ ಅನುಮಾನ. ಬೆಳಗಿನಿಂದ ಮಧ್ಯಾಹ್ನದವರೆಗೆ ತಿರುಗಿ ಬರಿಗೈಲಿ ಬಂದವನಿಗೆ ಗೊತ್ತು, ತಿನ್ನುವ ಅಣಬೆ ಕೋಚಿಂಗ್ ಸೆಂಟರಿನಷ್ಟು ಸುಲಭಕ್ಕೆ ಸಿಗುವುದಿಲ್ಲ. ತುಳುವರು ಇದಕ್ಕೆ ಲಾಂಬು ಎನ್ನುತ್ತಾರೆ, ಕೊಡವರು ಕುಮ್ಮು ಎನ್ನುತ್ತಾರೆ, ಘಟ್ಟ ಇಳಿದು ಕಾರವಾರ ದಾಟಿ ಗೋವೆಯ ಕಡೆ ಹೋದರೆ ಕೊಂಕಣಿಯಲ್ಲಿ ಅಳ್ಮಿ. ಅವರಲ್ಲಿ ಯಾರೂ ನಾಯಿಯನ್ನು ನಡುವೆ ತಂದಿಲ್ಲ. ಬಹುಶಃ ಅವರು ಅದನ್ನು ತಿನ್ನುತ್ತಿದ್ದರು, ಹೆಸರಿಟ್ಟ ನಮ್ಮವರು ತಿನ್ನುತ್ತಿರಲಿಲ್ಲ.

ಈ ತಿನ್ನುವವರು, ತಿನ್ನದವರು ಎಂಬ ಗೆರೆ ಇದೆಯಲ್ಲ, ನನ್ನ ಹರಟೆಯೆಲ್ಲ ಅದರ ಆಚೀಚೆಯೇ. ತಿನ್ನಬಾರದು ಎಂದು ಒಮ್ಮೆ ಹೇಳಿಬಿಟ್ಟರೆ ಯಾವುದು ವಿಷ, ಯಾವುದು ಅಲ್ಲ ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ. ಆ ತಲೆಬಿಸಿಯೆಲ್ಲ ತಿನ್ನುವವರಿಗೆ. ಹಾಗಾಗಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೀಮೆಯಲ್ಲಿ ಅಣಬೆಯ ವಿದ್ಯೆ ಇರುವುದು ನಮ್ಮಂಥ ಜಗುಲಿಯವರ ಹತ್ತಿರ ಅಲ್ಲ. ಯಲ್ಲಾಪುರದ ಕಾಡಂಚಿನ ಸಿದ್ದಿಗಳು, ಕುಣಬಿಗಳು, ನಮ್ಮ ತೋಟದ ಕೆಲಸಕ್ಕೆ ಬರುವ ಗೌಡರ ಹೆಂಗಸರು, ಇವರ ಹತ್ತಿರ. ಶಾಸ್ತ್ರ ಓದಿದವರು ಅಣಬೆ ಓದಲಿಲ್ಲ.

ಹಾಗೆಂದು ನಮ್ಮ ಅಡುಗೆಮನೆಗೆ ವಿಷದ ಪರಿಚಯವೇ ಇಲ್ಲ ಎಂದುಕೊಂಡರೆ ತಪ್ಪು. ಕೆಸುವಿನ ಎಲೆಯನ್ನು ಹಾಗೇ ತಿಂದವನ ಗಂಟಲು ಕೇಳಿ ನೋಡಿ. ಕಣ್ಣಿಗೆ ಕಾಣದಷ್ಟು ಸಣ್ಣ ಹರಳಿನ ಸೂಜಿಗಳು ಅದರಲ್ಲಿ ತುಂಬಿವೆ. ಅದನ್ನೇ ಹುಳಿ ಹಾಕಿ ಚೆನ್ನಾಗಿ ಬೇಯಿಸಿ ಕರಕಲಿ ಮಾಡಿದರೆ ಅನ್ನ ಸಾಲದು. ಕಳಲೆಯ ಕತೆ ಇನ್ನೂ ಘನವಾದದ್ದು. ಎಳೆಬಿದಿರಿನಲ್ಲಿರುವುದು ಸಯನೈಡಿನ ಸಂಬಂಧಿ. ಹೆಚ್ಚಿ ನೀರಲ್ಲಿ ಹಾಕಿ, ದಿನವೂ ನೀರು ಬದಲಿಸಿ, ಮೂರನೇ ದಿನ ಬೇಯಿಸಿದರೆ ಪಲ್ಯ. ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಗೆ ಬಳಸುವ ವಸ್ತುವಿನ ನೆಂಟನನ್ನು ನಮ್ಮ ಆಯಿ ನೀರು ಚೆಲ್ಲಿ ಚೆಲ್ಲಿಯೇ ಪಳಗಿಸಿಬಿಡುತ್ತಿದ್ದಳು. ಹೀಗೆ ಹುಳಿ, ನೀರು, ಬೆಂಕಿ ಮೂರಿದ್ದರೆ ಕಾಡಿನಲ್ಲಿ ಬೆಳೆದದ್ದೆಲ್ಲ ಹಾದಿಗೆ ಬರುತ್ತದೆ ಎಂಬ ಧೈರ್ಯ ನಮ್ಮ ಕಡೆಯ ಅಡುಗೆಯವರ ಮೈಯಲ್ಲೇ ಸೇರಿಕೊಂಡಿದೆ.

ಆ ಧೈರ್ಯ ಕೈಕೊಡುವುದು ಅಣಬೆಯ ಹತ್ತಿರ. ಅಣಬೆಗಳಲ್ಲೇ ಅತಿ ಘೋರವಾದ ವಿಷ ಅಮಾನಿಟಾ ಎಂಬ ಕುಲದ ಕೆಲವು ಜಾತಿಗಳಲ್ಲಿದೆ. ಅದು ಕುದಿಸಿದರೂ ಹೋಗುವುದಿಲ್ಲ, ಒಣಗಿಸಿದರೂ ಹೋಗುವುದಿಲ್ಲ, ಹುಳಿಗೂ ಜಗ್ಗುವುದಿಲ್ಲ. ರುಚಿಯಲ್ಲಾದರೂ ಸುಳಿವು ಕೊಡುತ್ತದೆಯೇ ಎಂದರೆ ತಿಂದು ಬದುಕಿ ಉಳಿದವರು ಚೆನ್ನಾಗಿತ್ತು ಎಂದೇ ಹೇಳಿದ್ದಾರೆ. ಬಣ್ಣ ನೋಡಿ ಹೇಳೋಣವೆಂದರೆ, ನಾವು ಹೆದರುವುದು ಕೆಂಪು ಹಳದಿಗೆ. ಮನುಷ್ಯರನ್ನು ಹೆಚ್ಚು ಕೊಂದದ್ದು ಬಿಳಿಯವು ಮತ್ತು ತಿಳಿಹಸಿರಿನವು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಮಾಡಿದವನು ಯಾವುದನ್ನು ತಿಂದು ಮಾಡಿದನೋ.

ಪರೀಕ್ಷೆಗಳಿಗೇನೂ ಬರವಿಲ್ಲ. ಅಪ್ಪಯ್ಯನ ಹತ್ತಿರ ಒಂದು ಬೆಳ್ಳಿ ರೂಪಾಯಿ ಇತ್ತು, ಜಾರ್ಜ್ ದೊರೆಯ ತಲೆಯದ್ದು. ಅಣಬೆ ಬೇಯುವಾಗ ಅದನ್ನು ಪಾತ್ರೆಗೆ ಹಾಕುವುದು, ಕಪ್ಪಾದರೆ ವಿಷ, ಬೆಳ್ಳಗೇ ಉಳಿದರೆ ಊಟ. ನಾನು ಬಹಳ ಕಾಲ ಇದನ್ನು ನಂಬಿದ್ದೆ. ಬೆಳ್ಳಿ ಕಪ್ಪಾಗುವುದು ಗಂಧಕದ ಕೆಲವು ಅಂಶ ತಾಗಿದಾಗ. ಕೋಳಿಮೊಟ್ಟೆಗೂ ಕಪ್ಪಾಗುತ್ತದಂತೆ, ನಮ್ಮ ಮನೆಯಲ್ಲಿ ಅದನ್ನು ಪರೀಕ್ಷಿಸುವ ಪ್ರಶ್ನೆ ಬರಲಿಲ್ಲ. ಅಮಾನಿಟಾದ ವಿಷದ ಮುಂದೆ ಜಾರ್ಜ್ ದೊರೆಯ ಮುಖ ಬೆಳ್ಳಗೇ ಇರುತ್ತದೆ. ಇನ್ನು ಕೆಲವರು ಅಕ್ಕಿ ಹಾಕುತ್ತಾರೆ, ಕೆಂಪಾದರೆ ಬೇಡ. ಅರಿಶಿನ ಹಾಕುತ್ತಾರೆ. ಬೆಳ್ಳುಳ್ಳಿ ಹಾಕುತ್ತಾರೆ. ಹುಳ ತಿಂದದ್ದಾದರೆ ಮನುಷ್ಯರೂ ತಿನ್ನಬಹುದು ಎನ್ನುವವರು ಎಲ್ಲರಿಗಿಂತ ಹೆಚ್ಚು. ಅವರ ಲೆಕ್ಕದಲ್ಲಿ ಹುಳ ನಮ್ಮ ಪರವಾಗಿ ಮೊದಲೇ ಊಟ ಮಾಡಿ ರುಜು ಹಾಕಿದೆ. ಮನುಷ್ಯನನ್ನು ಕೊಲ್ಲುವ ಅಣಬೆಯನ್ನು ಸಿಂಬಳದ ಹುಳ ಅರ್ಧ ಮೆದ್ದು ಆರಾಮಾಗಿ ಹರಿದು ಹೋಗುತ್ತದೆ. ಅದರ ಹೊಟ್ಟೆ ಅದಕ್ಕೆ, ನಮ್ಮದು ನಮಗೆ.

ಹಾಗಾದರೆ ತಿನ್ನುವವರು ಗುರುತು ಹಿಡಿಯುವುದು ಹೇಗೆ? ಇದಕ್ಕೆ ಶಿರಸಿ ಪೇಟೆಯ ದಾರಿ ಹಿಡಿಯಬೇಕು. ಅಡಿಕೆ ವ್ಯಾಪಾರದ ದಿನ ಪೇಟೆಯಲ್ಲಿ ನಿಂತು ‘ಗಣಪತಿ ಹೆಗಡೇರೇ’ ಎಂದು ಕೂಗಿ ನೋಡಿ, ಹತ್ತು ಜನ ತಿರುಗುತ್ತಾರೆ. ಹತ್ತೂ ಜನಕ್ಕೆ ಬಿಳಿ ಪಂಚೆ, ಕಂಕುಳಲ್ಲಿ ಚೀಲ, ಬಾಯಲ್ಲಿ ಕವಳ. ಎತ್ತರವೂ ಹೆಚ್ಚುಕಡಿಮೆ ಒಂದೇ. ಹೆಸರಿನಿಂದ, ಮುಖದಿಂದ, ಪಂಚೆಯಿಂದ ಬೇಕಾದ ಮನುಷ್ಯ ಸಿಗುವುದಿಲ್ಲ. ಅದಕ್ಕೇ ನಮ್ಮವರು ಹೊಸಬರನ್ನು ಕಂಡಕೂಡಲೇ ಹೆಸರು ಕೇಳುವುದಿಲ್ಲ. “ಯಾವೂರಾತು? ಯಾರ ಮನೆಯಾತು?” ಎಂದು ಕೇಳುತ್ತಾರೆ. ಊರು ಹೇಳಿ, ಮನೆ ಹೇಳಿ, ಮೇಲಿನ ಮನೆಯೋ ಕೆಳಗಿನ ಮನೆಯೋ ಹೇಳಿ, ತಾಯಿಯ ತವರು ಹೇಳಿದರೆ ಆಮೇಲೆ ಅವನು ನಿಜವಾದ ಗಣಪತಿ ಹೆಗಡೆ. ಅಣಬೆಗೂ ಅದೇ ಪ್ರಶ್ನೆ.

ನಮ್ಮ ಸೀಮೆಯಲ್ಲಿ ಮಳೆಗಾಲದ ಅಣಬೆ ಎಂದರೆ ಹೆಚ್ಚಾಗಿ ಹುತ್ತದ ಅಣಬೆ. ಅದರ ಮನೆ ನೆಲದ ಮೇಲಿಲ್ಲ, ಒಳಗಿದೆ. ಗೆದ್ದಲಿಗೆ ತರಗೆಲೆ, ಕಡ್ಡಿ ಜಗಿಯುವ ಹಲ್ಲುಂಟು; ಅರಗಿಸುವ ಹೊಟ್ಟೆ ಸಾಲದು. ಹಾಗಾಗಿ ಅದು ಜಗಿದದ್ದನ್ನು ಹುತ್ತದೊಳಗೆ ಜೇನುರೊಟ್ಟಿನಂತೆ ಗೂಡುಗೂಡಾಗಿ ಕಟ್ಟಿ, ಅದರ ಮೇಲೆ ಒಂದು ಶಿಲೀಂಧ್ರವನ್ನು ಬೆಳೆಸುತ್ತದೆ. ಶಿಲೀಂಧ್ರ ಕಟ್ಟಿಗೆಯನ್ನು ಮೆತ್ತಗೆ ಮಾಡಿಕೊಡುತ್ತದೆ, ಗೆದ್ದಲು ಉಣ್ಣುತ್ತದೆ. ಕೋಟಿಗಟ್ಟಲೆ ವರ್ಷಗಳಿಂದ ನಡೆದುಬಂದ ಬೇಸಾಯ ಇದು. ನಾವು ಸೊಪ್ಪಿನ ಬೆಟ್ಟದಿಂದ ಸೊಪ್ಪು ಕಡಿದು ಗೊಬ್ಬರ ಮಾಡಿ ಅಡಿಕೆ ತೋಟಕ್ಕೆ ಹಾಕುವವರು. ಬ್ರಿಟಿಷರ ಕಾಲದಲ್ಲೇ ಘಟ್ಟದ ಮೇಲೆ 1 ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟಿದ್ದನ್ನು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದೇ ಬೆಟ್ಟದ ಅದೇ ಸೊಪ್ಪನ್ನು ಕಾಲ ಕೆಳಗೆ ಇನ್ನೊಬ್ಬ ರೈತ ನಮಗಿಂತ ಎಷ್ಟೋ ಮೊದಲಿಂದ ಒಯ್ಯುತ್ತಿದ್ದಾನೆ. ಅವನಿಗೆ ಪಹಣಿ ಇಲ್ಲ.

ಮಳೆ ಬಿದ್ದು ನೆಲ ನೆಂದಾಗ ಆ ಶಿಲೀಂಧ್ರ ಹುತ್ತದ ಆಳದಿಂದ ಉದ್ದನೆಯ ಬೇರಿನಂಥ ಕಾಂಡವನ್ನು ಮೇಲಕ್ಕೆ ತಳ್ಳುತ್ತದೆ. ನೆಲ ಸೀಳಲೆಂದೇ ಅದರ ತಲೆಯ ನಡುವೆ ಮೊಳೆಯಂತೆ ಒಂದು ಚೂಪು. ಗುಡುಗಿದರೆ ಅಣಬೆ ಏಳುತ್ತದೆ ಎನ್ನುತ್ತಾರೆ. ಗುಡುಗು ಬರುವ ಹೊತ್ತು ಮತ್ತು ನೆಲ ಹದವಾಗುವ ಹೊತ್ತು ಒಂದೇ ಆದ್ದರಿಂದ ಗುಡುಗಿಗೆ ಹೆಸರು ಬಂತು. ವಿಜ್ಞಾನಿಗಳು ಇವಕ್ಕೆ ಟರ್ಮಿಟೋಮೈಸಿಸ್ ಎನ್ನುತ್ತಾರೆ. 1942ರಲ್ಲಿ ಈ ಹೆಸರಿಟ್ಟವರು ಫ್ರಾನ್ಸಿನ ರೋಜರ್ ಹೀಮ್. 1979ರಲ್ಲಿ ನಟರಾಜನ್ ಅವರು ಭಾರತದ ಒಂದು ಜಾತಿಗೆ ಹೀಮ್ ಅವರ ಗೌರವಕ್ಕೆ ಹೀಮಿ ಎಂದೇ ಹೆಸರಿಟ್ಟರು. ಆಫ್ರಿಕದ ಜಾಂಬಿಯಾದಲ್ಲಿ ಇದೇ ಬಳಗದ ಒಂದು ಅಣಬೆಯ ಕೊಡೆ 1 ಮೀಟರ್ ಅಗಲದವರೆಗೂ ಅರಳುತ್ತದೆ, ನಿಜಕ್ಕೂ ಕೊಡೆಯೇ. ಅದೇ ಬಳಗದ ಇನ್ನೊಂದು, ಬೆರಳ ಉಗುರಿನಷ್ಟು ಪುಟಾಣಿ, ಬ್ಯಾಣದ ಹುಲ್ಲಿನಲ್ಲಿ ಅಕ್ಕಿ ಚೆಲ್ಲಿದಂತೆ ನೂರುಗಟ್ಟಲೆ ಏಳುತ್ತದೆ. ಗೆದ್ದಲಿನ ಜೊತೆಯಿಲ್ಲದೆ ಹುತ್ತದ ಅಣಬೆಯನ್ನು ಬೆಳೆಸಿ ಮಾರುಕಟ್ಟೆಗೆ ತರಲು ಯಾರಿಗೂ ಸಾಧ್ಯವಾಗಿಲ್ಲ. ಗೋವೆಯಲ್ಲಿ ಇದು ರೊಂಯ್ ಅಳ್ಮಿ; ಎಣಿಸಿ ಮಾರುತ್ತಾರೆ, ಬಂಗಾರದ ಅಂಗಡಿಯ ಗಾಂಭೀರ್ಯದಲ್ಲಿ.

ಹುತ್ತ ಎಂದಮೇಲೆ ಹಾವು ಬರಲೇಬೇಕು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಒಡೆಯನಾಯಿತು ಎಂದು ನಾವು ಗಾದೆಯಲ್ಲಿ ಮರುಗುತ್ತೇವೆ. ಶ್ರಾವಣದ ನಾಗರಪಂಚಮಿಗೆ ಹಾಲೆರೆಯುತ್ತೇವೆ, ಆ ದಿನ ನೆಲ ಅಗೆಯುವುದಿಲ್ಲ. ಹಾಲು ಹಾವಿಗೆ ಎಂದು ನಮ್ಮ ಭಾವನೆ. ಒಳಗೆ ಬೇಸಾಯ ಮಾಡಿಕೊಂಡಿರುವವನಿಗೆ ಒಂದು ಹನಿ ಇಲ್ಲ.

ನಮ್ಮ ತೋಟಕ್ಕೆ ಮೂವತ್ತು ವರ್ಷದಿಂದ ಕೆಲಸಕ್ಕೆ ಬರುತ್ತಿರುವಾಕೆ ಒಬ್ಬಳಿದ್ದಾಳೆ. ನನಗೆ ಗೊತ್ತಿರುವ ಅಣಬೆಯ ವಿದ್ಯೆಯೆಲ್ಲ ಅವಳ ಹಿಂದೆ ನಡೆದು ಬಂದದ್ದು. ಎಷ್ಟು ಬಗೆಯ ಅಣಬೆ ಗೊತ್ತು ನಿನಗೆ ಎಂದು ಒಮ್ಮೆ ಕೇಳಿದೆ. “ಮೂರು” ಎಂದಳು. ನನಗೆ ನಿರಾಸೆಯಾಯಿತು. ನಾನು ಆಗಲೇ ಪುಸ್ತಕದಲ್ಲಿ ನಲವತ್ತು ನೋಡಿದ್ದೆ. ಆದರೆ ಆ ಮೂರನ್ನು ಅವಳು ಬಲ್ಲ ರೀತಿಯೇ ಬೇರೆ. ಯಾವ ಹುತ್ತದಲ್ಲಿ, ಯಾವ ಮಳೆಯಲ್ಲಿ, ಗುಡ್ಡದ ಯಾವ ಮಗ್ಗುಲಿನಲ್ಲಿ. ಮೊಗ್ಗಾಗಿದ್ದಾಗ ಹೇಗೆ, ಅರಳಿದಾಗ ಹೇಗೆ, ಮಳೆಗೆ ಕೊಳೆತು ಬಿದ್ದಾಗ ಹೇಗೆ. ಹೋದ ವರ್ಷ ಎಷ್ಟು ಎದ್ದಿತ್ತು, ಈ ವರ್ಷ ಯಾಕೆ ತಡ. ಜಾಗ ಯಾರಿಗೂ ಹೇಳುವುದಿಲ್ಲ. ಮಗಳಿಗೆ ತೋರಿಸಿದ್ದಾಳೆ, ಸೊಸೆಗೆ ಇನ್ನೂ ಇಲ್ಲ. ಉಳಿದ ಅಣಬೆಗಳ ಬಗ್ಗೆ ಅವಳಿಗೆ ಅಭಿಪ್ರಾಯವೇ ಇಲ್ಲ. ವಿಷ ಎಂದೂ ಹೇಳಳು, ಒಳ್ಳೆಯದು ಎಂದೂ ಹೇಳಳು. “ಅದು ನಮ್ದಲ್ಲ” ಎಂದು ದಾಟಿ ಹೋಗುತ್ತಾಳೆ, ಬೇರೆಯವರ ಮನೆಯ ಮದುವೆಯ ಮುಂದೆ ಹಾದುಹೋದ ಹಾಗೆ.

ಅವಳನ್ನು ಆಗಲೇ ಕೇಳಿಕೊಂಡಿದ್ದರೆ ಧಾರವಾಡದ ಪ್ರಸಂಗ ನಡೆಯುತ್ತಿರಲಿಲ್ಲ. ಓದುವ ಕಾಲ, ಬಾಡಿಗೆಯ ಖೋಲಿ, ನಾವು ಮೂವರು. ಮಳೆ ಬಿಟ್ಟ ಬೆಳಿಗ್ಗೆ ಹತ್ತಿರದ ಹುಲ್ಲುಹಾಸಿನಲ್ಲಿ ವೃತ್ತ ಬರೆದಂತೆ ಸುತ್ತಲೂ ಅಣಬೆ ಎದ್ದಿದ್ದವು. ಬೆಳ್ಳಗೆ, ಅಂಗೈಯಗಲ, ಮೇಲೆ ಕಂದು ಸಿಪ್ಪೆ, ಕಾಂಡಕ್ಕೆ ಉಂಗುರ. ಮಲೆನಾಡಿನವನೆಂಬ ಬಿಂಕದಿಂದ ನಾನೇ ತೀರ್ಪು ಕೊಟ್ಟೆ: ಇದು ನಮ್ಮ ಕಡೆ ತಿನ್ನುವುದೇ. ನಮ್ಮ ಕಡೆಯದು ಹುತ್ತದಲ್ಲಿ ಏಳುತ್ತದೆ, ಇದು ಹುಲ್ಲಿನಲ್ಲಿ ಎದ್ದಿದೆ ಎಂಬುದು ಹೊಳೆಯಲೇ ಇಲ್ಲ. ಈರುಳ್ಳಿ ಹಾಕಿ ಹುರಿದೆವು. ರುಚಿಯಾಗಿತ್ತು. ಎರಡು ಗಂಟೆ ಕಳೆಯುವುದರೊಳಗೆ ಮೂವರಿಗೂ ಒಂದೇ ಬಚ್ಚಲು ಸಾಲದಾಯಿತು. ಬಚ್ಚಲಿಗೂ ಅಣಬೆಗೂ ನನ್ನ ಜೀವನದಲ್ಲಿ ಏನೋ ನಂಟು. ಕೊನೆಗೆ ಆಟೋದಲ್ಲಿ ಒಬ್ಬರ ಮೇಲೊಬ್ಬರು ಬಿದ್ದುಕೊಂಡು ಆಸ್ಪತ್ರೆಗೆ ಹೋದಾಗ ಅಲ್ಲಿನ ಡಾಕ್ಟರು ಯಾವ ಬಣ್ಣ, ಯಾವ ಆಕಾರ ಎಂದು ಏನೂ ಕೇಳಲಿಲ್ಲ. “ತಿಂದು ಎಷ್ಟು ಹೊತ್ತಿಗೆ ವಾಂತಿ ಶುರುವಾಯ್ತು?” ಎಂದರು. ಎರಡು ತಾಸು ಎಂದೆವು. ಅವರ ಮುಖ ಸಡಿಲವಾಯಿತು. “ಬೇಗ ಬಂತಲ್ಲ, ಪುಣ್ಯ ಮಾಡಿದ್ರಿ” ಎಂದರು. ನಮಗೆ ಪುಣ್ಯದ ಲಕ್ಷಣ ಯಾವುದೂ ಕಾಣುತ್ತಿರಲಿಲ್ಲ.

ನಾವು ತಿಂದದ್ದು ಕ್ಲೋರೊಫಿಲಮ್ ಮಾಲಿಬ್ಡೈಟಿಸ್ ಇರಬೇಕೆಂದು ವರ್ಷಗಳ ಮೇಲೆ ತಿಳಿಯಿತು. ಉಷ್ಣವಲಯದ ದೇಶಗಳಲ್ಲಿ ಹುಲ್ಲುಹಾಸಿನ ಅಣಬೆ ತಿಂದು ಆಸ್ಪತ್ರೆ ಸೇರುವವರ ಖಾತೆಯಲ್ಲಿ ಬಹುಪಾಲು ಇದರದ್ದೇ. ಕೊಡೆಯ ಅಡಿಯಲ್ಲಿ ಪುಸ್ತಕದ ಹಾಳೆಗಳಂತೆ ಪದರಗಳಿರುತ್ತವಲ್ಲ, ಎಳೆಯದರಲ್ಲಿ ಅವು ಬಿಳಿ, ಬಲಿತಂತೆ ಹಸಿರಿಗೆ ತಿರುಗುತ್ತವೆ. ನಾವು ಎಳೆಯದನ್ನೇ ಆರಿಸಿದ್ದೆವು, ಮೆತ್ತಗಿರುತ್ತದೆಂದು.

ಡಾಕ್ಟರರ ಪ್ರಶ್ನೆಯ ಅರ್ಥ ಆಮೇಲೆ ತಿಳಿಯಿತು. ಒಂದೆರಡು ತಾಸಿನಲ್ಲಿ ಹೊಟ್ಟೆ ಕೆಡಿಸುವ ಅಣಬೆ ಸಾಮಾನ್ಯವಾಗಿ ಹೊಟ್ಟೆ ಕೆಡಿಸಿಯೇ ಬಿಡುತ್ತದೆ. ಅಮಾನಿಟಾದ ವಿಷ ಹಾಗೆ ಗಡಿಬಿಡಿ ಮಾಡುವುದಿಲ್ಲ. ಆರು, ಹನ್ನೆರಡು, ಕೆಲವೊಮ್ಮೆ ಇಪ್ಪತ್ತನಾಲ್ಕು ತಾಸು ಸುಮ್ಮನಿರುತ್ತದೆ. ರಾತ್ರಿ ಉಂಡವನು ಬೆಳಿಗ್ಗೆ ದೋಸೆಯನ್ನೂ ತಿಂದಿರುತ್ತಾನೆ. ವಾಂತಿ ಭೇದಿ ಶುರುವಾದಾಗ ದೋಸೆಯ ಮೇಲೆ ಅನುಮಾನ. ಮರುದಿನ ಎಲ್ಲ ನಿಂತು ಆರಾಮಾದಂತಾಗುತ್ತದೆ. ಆಸ್ಪತ್ರೆಯಿಂದ ಮನೆಗೆ ಬಂದುಬಿಡುತ್ತಾರೆ. ಆ ಹೊತ್ತಿಗೆ ವಿಷ ಯಕೃತ್ತಿನ ಜೀವಕೋಶಗಳಲ್ಲಿ ಕೂತು ಅವು ಹೊಸ ಪ್ರೋಟೀನು ಕಟ್ಟಿಕೊಳ್ಳುವ ಕೆಲಸವನ್ನೇ ನಿಲ್ಲಿಸಿರುತ್ತದೆ. ಮೂರನೆಯ ನಾಲ್ಕನೆಯ ದಿನಕ್ಕೆ ಕಣ್ಣು ಹಳದಿ. ಅದಕ್ಕೇ ಕಾಡಿನ ಅಣಬೆ ತಿಂದು ತಡವಾಗಿ ಹೊಟ್ಟೆ ಕೆಟ್ಟರೆ ಗುಣವಾಯಿತೆಂದು ಮನೆಗೆ ಬರಬಾರದು. ಉಳಿದ ಅಣಬೆ, ಸಿಪ್ಪೆ, ಬೆಂದದ್ದು ಏನಿದ್ದರೂ ಕಟ್ಟಿಕೊಂಡು ದೊಡ್ಡ ಆಸ್ಪತ್ರೆಗೆ ಹೋಗಬೇಕು. ದೊಡ್ಡ ಆಸ್ಪತ್ರೆ ಎಂದರೆ ನಮಗೆ ಹುಬ್ಬಳ್ಳಿ, ಶಿರಸಿಯಿಂದ ನೂರು ಕಿಲೋಮೀಟರ್. ಇಲ್ಲವೇ ಘಟ್ಟ ಇಳಿದು ಮಣಿಪಾಲ, ಮಂಗಳೂರು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು 2022ರಲ್ಲಿ ಉತ್ತರ ಕನ್ನಡದವರೆಲ್ಲ ಒಕ್ಕೊರಲಿನಿಂದ ಕೂಗಿದ್ದು ಸುಮ್ಮನೆ ಅಲ್ಲ.

ಅದೇ 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕೆಲವೇ ದಿನಗಳಲ್ಲಿ 13 ಜನ ಕಾಡಿನ ಅಣಬೆ ತಿಂದು ದಿಬ್ರುಗಢದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಹೆಚ್ಚಿನವರು ಚಹಾ ತೋಟದ ಕೆಲಸಗಾರರ ಮನೆಯವರು. ಆ ಸುದ್ದಿ ಓದುವಾಗ ನನಗೆ ಹೊಳೆದದ್ದು ಇಷ್ಟು: ಚಹಾ ತೋಟದವರ ಅಜ್ಜಂದಿರು ಆ ಊರಿನವರಲ್ಲ. ಬ್ರಿಟಿಷರ ಕಾಲದಲ್ಲಿ ಛೋಟಾನಾಗಪುರದ ಕಡೆಯಿಂದ ಕರೆತಂದವರು. ಅಣಬೆಯ ಹಸಿವನ್ನು ಮೈಯಲ್ಲೇ ಹೊತ್ತು ತಂದಿರಬೇಕು, ಹುತ್ತಗಳನ್ನು ತರಲು ಆಗಲಿಲ್ಲ. ಹಸಿವಿನ ಪಾಲು ಎಷ್ಟು, ಊರು ತಪ್ಪಿದ್ದರ ಪಾಲು ಎಷ್ಟು ಎಂದು ಅಳೆಯುವ ತಕ್ಕಡಿ ನನ್ನ ಹತ್ತಿರ ಇಲ್ಲ. ಆದರೆ ಊರು ತಪ್ಪಿದ್ದಕ್ಕೆ ಇನ್ನೊಂದು ಸಾಕ್ಷಿ ಇದೆ.

2011ರ ಡಿಸೆಂಬರ್ 31ರ ರಾತ್ರಿ, ಆಸ್ಟ್ರೇಲಿಯದ ಕ್ಯಾನ್‌ಬೆರಾ. ಚೀನಾದಿಂದ ಹೋಗಿ ಅಲ್ಲಿ ಬಾಣಸಿಗನಾಗಿದ್ದವನು ತಾನೇ ಕಿತ್ತು ತಂದ ಅಣಬೆಯಿಂದ ಜೊತೆಯ ಕೆಲಸಗಾರರಿಗೆ ಹೊಸ ವರ್ಷದ ಊಟ ಮಾಡಿದ. ಅವನೂ ಜೊತೆಯ ಹೆಂಗಸೊಬ್ಬಳೂ ಸತ್ತರು. ಅವನು ಕಂಡದ್ದು ತನ್ನ ಊರಿನ ಹುಲ್ಲಣಬೆಯನ್ನು. ಕೊಳೆತ ಭತ್ತದ ಹುಲ್ಲಿನ ಮೇಲೆ ಏಳುತ್ತದಲ್ಲ, ಬುಡದಲ್ಲಿ ಮೊಟ್ಟೆ ಒಡೆದಂತೆ ಒಂದು ಚೀಲ. ನಮ್ಮ ಕಡೆಯ ಹುಲ್ಲಿನ ಗೊಣಬೆಯ ಬುಡದಲ್ಲೂ ಏಳುತ್ತದೆ. ಅಲ್ಲಿದ್ದದ್ದು ಡೆತ್ ಕ್ಯಾಪ್ ಎಂಬ ಅಮಾನಿಟಾ, ಅದಕ್ಕೂ ಬುಡದಲ್ಲಿ ಚೀಲ. ಅಮೆರಿಕದ ಪಶ್ಚಿಮ ಕರಾವಳಿಗೆ ಲಾವೋಸಿನಿಂದ ಹೋಗಿ ನೆಲೆಸಿದವರೂ ಇದೇ ಮೋಸಕ್ಕೆ ಸಿಕ್ಕಿದ್ದಾರೆ. ತಮಾಷೆ ನೋಡಿ, ಡೆತ್ ಕ್ಯಾಪ್ ಕೂಡ ಆ ನೆಲದ್ದಲ್ಲ. ಯುರೋಪಿನ ಓಕ್ ಸಸಿಗಳ ಬೇರಿಗೆ ಅಂಟಿಕೊಂಡು ಬಂದದ್ದು. ವಲಸೆ ಬಂದ ಅಣಬೆ, ವಲಸೆ ಬಂದ ಮನುಷ್ಯ, ಇಬ್ಬರೂ ಒಬ್ಬರನ್ನೊಬ್ಬರು ‘ಯಾವೂರಾತು’ ಎಂದು ಕೇಳಲಿಲ್ಲ. ಶಿರಸಿಯ ಮನೆಮನೆಯಿಂದ ಒಬ್ಬೊಬ್ಬರು ಕ್ಯಾಲಿಫೋರ್ನಿಯದಲ್ಲಿರುವಾಗ ಈ ಮಾತು ದೂರದ್ದಲ್ಲ.

ಅಮಾನಿಟಾದ ಬೇರೆ ಜಾತಿಗಳು ನಮ್ಮ ಘಟ್ಟದಲ್ಲೂ ಇವೆ. ಅವುಗಳಲ್ಲಿ ಬಹಳಷ್ಟಕ್ಕೆ ಗೆದ್ದಲಿನ ಸಂಬಂಧವಿಲ್ಲ, ಮರದ ಬೇರಿನ ಸಂಬಂಧ. ಧೂಪದ ಬಳಗದ ಮರಗಳ ಜೊತೆ ಕೊಡುಕೊಳ್ಳುವಿಕೆ. ಒಬ್ಬರ ತವರು ಹುತ್ತ, ಇನ್ನೊಬ್ಬರ ತವರು ಮರ. ಮೇಲೆ ನಿಂತು ನೋಡಿದರೆ ಇಬ್ಬರದೂ ಬಿಳಿ ಕೊಡೆ. ಹಾಗಾಗಿ ಅಣಬೆಯನ್ನು ಕುಯ್ಯುವ ಮೊದಲು ಬುಡದವರೆಗೆ ಅಗೆದು ನೋಡಬೇಕು. ಚೀಲ ಇದೆಯೇ, ಅಥವಾ ಬೇರು ಕೆಳಗೆ ಕೆಳಗೆ ಹೋಗಿ ಹುತ್ತದೊಳಗೆ ಮುಳುಗುತ್ತದೆಯೇ? ಮೇಲಿಂದ ಚಿವುಟಿ ತಂದ ಅಣಬೆ ಎಂದರೆ ವಿಳಾಸ ಹರಿದ ಲಕೋಟೆ. ತೊಡಕೇನೆಂದರೆ ಹುತ್ತ ಎಲ್ಲ ಕಡೆ ಗೋಪುರದಂತೆ ಎದ್ದಿರುವುದಿಲ್ಲ, ನೆಲದೊಳಗೇ ಇರುವುದೂ ಉಂಟು.

ಈಚೆಗೆ ನಾನೊಂದು ಆಟ ಕಲಿತಿದ್ದೇನೆ. ಕೊಡೆಯನ್ನು ಕತ್ತರಿಸಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಬೋರಲು ಹಾಕಿ, ಪಾತ್ರೆ ಮುಚ್ಚಿ ರಾತ್ರಿ ಬಿಟ್ಟರೆ ಬೆಳಿಗ್ಗೆ ಕಾಗದದ ಮೇಲೆ ಪುಡಿಯ ರಂಗೋಲಿ. ಹುತ್ತದ ಅಣಬೆಯದು ನಸುಗೆಂಪು. ಅಮಾನಿಟಾದ್ದು ಬಿಳಿ. ಧಾರವಾಡದ ಶತ್ರುವಿನದು ಹಸಿರು. ಎಳೆಯದರ ಮುಖದಲ್ಲಿ ಕಾಣದ್ದು ಬಲಿತದ್ದರ ರಂಗೋಲಿಯಲ್ಲಿ ಕಾಣುತ್ತದೆ. ನಸುಗೆಂಪು ಬಂತೆಂದು ಬಾಣಲೆ ಇಡುವ ಹಾಗೂ ಇಲ್ಲ, ಅದೇ ಬಣ್ಣ ಉದುರಿಸುವ ವಿಷದವೂ ಇವೆ. ರಂಗೋಲಿ ಬೇಡವೆನ್ನಲು ನೆರವಾಗುತ್ತದೆ, ಆಗಬಹುದು ಎನ್ನಲು ಸಾಲದು. ಜಗುಲಿಯ ಮೂಲೆಯಲ್ಲಿ ಸಾಲಾಗಿ ಬೋರಲು ಹಾಕಿದ ಪಾತ್ರೆಗಳನ್ನು ಕಂಡು ನೆರೆಯವರು ಯಾವ ಪೂಜೆ ಎಂದು ಕೇಳಿದರು.

ಕುಡಿಯುವ ಮಿತ್ರರಿಗಾಗಿ ಒಂದು ಮಾತು ಸೇರಿಸಿಬಿಡುತ್ತೇನೆ. ಗೊಬ್ಬರದ ಬದಿಯಲ್ಲಿ, ಕೊಳೆತ ಬೊಡ್ಡೆಯ ಹತ್ತಿರ ಎದ್ದು, ಮಸಿಯಾಗಿ ಕರಗಿ ಹೋಗುವ ಒಂದು ಬಗೆಯಿದೆ. ಅದರ ಒಂದು ಜಾತಿಯನ್ನು ಬರೇ ತಿಂದರೆ ತೊಂದರೆಯಿಲ್ಲವಂತೆ. ಜೊತೆಗೋ ಮರುದಿನವೋ ಒಂದು ಗುಟುಕು ಏರಿಸಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ಸಾಕಪ್ಪಾ ಸಾಕು ಎನ್ನಿಸುತ್ತದೆ. ಕುಡಿತ ಬಿಡಿಸಲು ಕೊಡುವ ಮಾತ್ರೆಯದೂ ಇದೇ ತಂತ್ರ. ಈ ವಿಷಯ ಊರ ಹೆಂಗಸರಿಗೆ ತಿಳಿಯದಂತೆ ನೋಡಿಕೊಳ್ಳಲು ನನ್ನ ಮೇಲೆ ಒತ್ತಡವಿದೆ.

ಹೋದ ಮಳೆಗಾಲ ಭಾವನ ಮಗ ಬೆಂಗಳೂರಿನಿಂದ ಬಂದಿದ್ದ. ಫೋನಿನಲ್ಲಿ ಫೋಟೊ ಹೊಡೆದರೆ ಅಣಬೆಯ ಹೆಸರು ಹೇಳುವ ಆ್ಯಪ್ ಹಾಕಿಕೊಂಡು ಬಂದಿದ್ದ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಮೇಲಿನ ಬ್ಯಾಣದ ಗೇರುಮರದ ಅಡಿಯಲ್ಲಿ ಮಾತ್ರ. ಹುಡುಗ ಕೆಳಗೆ ಫೋಟೊ ತೆಗೆಯುವುದು, ಮೇಲೆ ಓಡಿ ಹೆಸರು ತರುವುದು. ಒಂದೇ ಅಣಬೆಯನ್ನು ಮೇಲಿಂದ ತೆಗೆದಾಗ ಒಂದು ಹೆಸರು, ಬದಿಯಿಂದ ತೆಗೆದಾಗ ಇನ್ನೊಂದು. ನೂರಕ್ಕೆ ಇಷ್ಟು ಖಾತ್ರಿ ಎಂದು ಅಂಕವನ್ನೂ ಕೊಡುತ್ತಿತ್ತು. ಮಾವ, ನೂರಕ್ಕೆ ಎಪ್ಪತ್ತು ಬಂದರೆ ತಿನ್ನಬಹುದಾ ಎಂದು ಕೇಳಿದ. ಪರೀಕ್ಷೆಯಲ್ಲಾದರೆ ಫಸ್ಟ್ ಕ್ಲಾಸು ಎಂದೆ.

ಆವತ್ತು ಮಧ್ಯಾಹ್ನ ನಮ್ಮ ತೋಟದ ಕೆಲಸದಾಕೆ ನಮ್ಮಿಬ್ಬರನ್ನೂ ಹುತ್ತದ ಹತ್ತಿರ ಕರೆದೊಯ್ದಳು. ಯಾವ ಬೆಟ್ಟದ ಯಾವ ಮಗ್ಗುಲು ಎಂದು ನಾನು ಬರೆಯುವುದಿಲ್ಲ, ಮಾತು ಕೊಟ್ಟಿದ್ದೇನೆ. ಹದಿನೈದಿಪ್ಪತ್ತು ಎದ್ದಿದ್ದವು, ಬೆಳ್ಳನೆಯ ತಲೆ, ನೆತ್ತಿಯಲ್ಲಿ ಚೂಪು. ಅವಳು ಕೂತು ಒಂದೊಂದನ್ನೇ ಅಲುಗಿಸಿ, ಬೇರು ಉದ್ದಕ್ಕೆ ಬರುವಂತೆ ಎಳೆದು, ಮಣ್ಣು ಕೊಡವಿ ಎಲೆಯ ಮೇಲಿಟ್ಟಳು. ನಾಲ್ಕೈದನ್ನು ಹಾಗೇ ಬಿಟ್ಟಳು. ಹುತ್ತದಿಂದ ಒಂದು ಮಾರು ಆಚೆಗೆ ಇನ್ನೊಂದಿತ್ತು, ಅಷ್ಟೇ ಎತ್ತರ, ಅಷ್ಟೇ ಬಿಳಿ. ನನ್ನ ಕಣ್ಣಿಗಂತೂ ಅದೇ ಎಲ್ಲಕ್ಕಿಂತ ಚೆಂದ. ಅದನ್ನು ಅವಳು ಮುಟ್ಟಲೇ ಇಲ್ಲ.

“ಅದು ವಿಷದ್ದಾ?” ಹುಡುಗ ಕೇಳಿದ.

“ನಂಗೆ ಗೊತ್ತಿಲ್ಲ ಮಾರಾಯ.”

“ಮತ್ತೆ ಯಾಕೆ ಬಿಟ್ಟೆ?”

“ಅದ್ರ ಮನೆ ಯಾವ್ದು ಅಂತ ಕಾಣ್ಲಿಲ್ಲ” ಎಂದು ಎದ್ದು ಸೀರೆಯ ಮಣ್ಣು ಕೊಡವಿಕೊಂಡಳು. ಕಿತ್ತ ಜಾಗದ ಮೇಲೆ ಕಾಲಿನಿಂದ ತರಗೆಲೆ ಸರಿಸಿ ಮುಚ್ಚಿದಳು.

ಮನೆಗೆ ಬಂದಾಗ ಹೆಂಡತಿ ಜಗುಲಿಯಲ್ಲೇ ನಿಂತಿದ್ದಳು. ಡಬ್ಬಿಯ ಅಣಬೆಗೆ ಅಡುಗೆಮನೆ, ಕಾಡಿನದಕ್ಕೆ ಬಚ್ಚಲೇ ಎಂಬುದು ಅವಳ ಕಾಲದ ತಿದ್ದುಪಡಿ. ಬಾಳೆಲೆ ಕೊಯ್ದು ಕೊಟ್ಟಳು, ಸೂಜಿಮೆಣಸನ್ನೂ ಕೊಟ್ಟಳು. ಹುಡುಗ ಆ ಸಂಜೆ ಎರಡು ಸಲ ಸ್ನಾನ ಮಾಡಿದ.